ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸು

1857ರಲ್ಲಿ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಸೀಮೆಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಬ್ರಿಟಿಷರ ಅಧೀನದ ನವಾಬ ಸಂಸ್ಥಾನವಾಗಿತ್ತು. ಆದರೆ ಆ ವರ್ಷದ ಕಾಡತೂಸಿನ ಕಥೆ ಎಂದೊಡನೆ ನಮಗೆ ನೆನಪಾಗುವುದು ಈ ಸೀಮೆಯಲ್ಲ, ಸಿಪಾಯಿಗಳು ದಂಗೆಯೆದ್ದ ಬರಾಕ್‌ಪುರ ಮತ್ತು ಮೀರತ್. ಕಾಡತೂಸಿನಿಂದ ಹೊತ್ತಿಕೊಂಡ ದಂಗೆಯನ್ನು ಅಡಗಿಸಲು ಸರ್ಕಾರ ತಂದ ಶಸ್ತ್ರ ಕಾಯ್ದೆ ಕನ್ನಡ ನಾಡಿನಲ್ಲಿ ಎಷ್ಟು ರಕ್ತ ಹರಿಸಿತು ಎಂಬುದೂ ಅದೇ ಕಥೆಯ ಭಾಗ. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧಕ್ಕೇ ನಿಂತಂತೆ.

ಈಡು ತುಂಬುತ್ತಿದ್ದ ಬಗೆ

1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ನಳಿಗೆ 0.577 ಅಂಗುಲ ಅಗಲದ್ದು, ಒಳಗೆ ಮೂರು ಸುರುಳಿ ಗಾಡಿಗಳು (ತೋಡುಗಳು). ಅದರ ಕಾಡತೂಸು ಹಿತ್ತಾಳೆಯದಲ್ಲ, ಸುತ್ತಿದ ಕಾಗದದ ಕೊಳವೆ. ಅದರೊಳಗೆ ಸುಮಾರು ನಾಲ್ಕೂವರೆ ಗ್ರಾಂ ಕರಿಮದ್ದು ಮತ್ತು 34 ಗ್ರಾಂ ತೂಕದ ಸೀಸದ ಗುಂಡು. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಮದ್ದಿನಲ್ಲಿ ಪೆಟ್ಲುಪ್ಪಿನದೇ ಮುಕ್ಕಾಲು ಪಾಲು.

ಸಿಪಾಯಿ ಕಾಗದದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯುತ್ತಿದ್ದ. ಬಳಿಕ ಕಾಡತೂಸನ್ನು ತಿರುಗಿಸಿ, ಗುಂಡಿದ್ದ ತುದಿಯನ್ನು ನಳಿಗೆಯ ಬಾಯಿಗೆ ತುರುಕಿ, ಮಿಕ್ಕ ಕಾಗದವನ್ನು ಕಿತ್ತೆಸೆದು, ಗಜದ ಕೋಲಿನಿಂದ ಗುಂಡನ್ನು ತಳಕ್ಕೆ ಇಳಿಸುತ್ತಿದ್ದ. ಕೊನೆಗೆ ಕೇಪು ಇಟ್ಟು ಕುದುರೆ ಎಳೆಯಬೇಕು. ಗುಂಡಿನ ತಳ ಟೊಳ್ಳಾಗಿತ್ತು. ಮದ್ದು ಸಿಡಿದಾಗ ತಳ ಹಿಗ್ಗಿ ಗಾಡಿಗಳನ್ನು ಕಚ್ಚಿಕೊಳ್ಳುತ್ತಿತ್ತು, ಗುಂಡು ತಿರುಗುತ್ತಾ ಹೊರಬೀಳುತ್ತಿತ್ತು. ಹಳೆಯ ನುಣುಪು ನಳಿಗೆಯ ಬಂದೂಕು ನೂರು ಗಜ ದಾಟಿದರೆ ನೆಚ್ಚಲಾಗದು. ಇದು ಅದರ ಹಲವು ಪಟ್ಟು ದೂರದ ಗುರಿಯನ್ನು ಹೊಡೆಯುತ್ತಿತ್ತು.

ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ದಪ್ಪ ಮಸಿ ಕೂರುತ್ತದೆ. ಮಸಿ ಮೆತ್ತಗಿದ್ದು ಮುಂದಿನ ಗುಂಡು ಸಲೀಸಾಗಿ ಇಳಿಯಲೆಂದೇ ಕಾಗದಕ್ಕೆ ಜಿಡ್ಡು ಹಚ್ಚುತ್ತಿದ್ದರು. ಅದರಲ್ಲಿ ಹಸು, ಹಂದಿಯ ಕೊಬ್ಬಿದೆ ಎಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆ ಬಳಿಯ ದಮ್‌ದಮ್‌ನಿಂದ ಹಬ್ಬಿತು. ಸಿಪಾಯಿಗಳೇ ಜಿಡ್ಡು ಹಚ್ಚಿಕೊಳ್ಳಲಿ, ಕೈಯಿಂದ ಹರಿಯಲಿ ಎಂದು ಸರ್ಕಾರ ನಿಯಮ ಸಡಿಲಿಸಿದರೂ ನಂಬಿಕೆ ಮರಳಲಿಲ್ಲ. ಧರ್ಮ ಕೆಡುತ್ತದೆಂಬ ಸಿಪಾಯಿಯ ಭಯವನ್ನು ಮೂಢತನವೆಂದು ತಳ್ಳಿಹಾಕುವುದು ಅನ್ಯಾಯ. ಅವನು ಬಾಯಿಗಿಡಬೇಕಾದ ವಸ್ತುವಿನಲ್ಲಿ ಏನಿದೆಯೆಂದು ಮೊದಲೇ ತಿಳಿಸುವ ಗೌರವವನ್ನು ಈಸ್ಟ್ ಇಂಡಿಯಾ ಕಂಪನಿ ತೋರಲಿಲ್ಲ.

ಹಲಗಲಿ, ನರಗುಂದ

ದಂಗೆಯ ನಡುವೆಯೇ ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿಯುವ ಕಾಯ್ದೆ ಬಂತು. ಬೇಟೆಯನ್ನೂ ಕಾವಲನ್ನೂ ನೆಚ್ಚಿದವರಿಗೆ ಆಯುಧ ಕೊಡುವುದೆಂದರೆ ಬದುಕನ್ನೇ ಕೊಟ್ಟಂತೆ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಬೇಡರ ಮುಂದಾಳುಗಳಾದ ಹನುಮ, ಬಾಲ, ಜಡಗ, ರಾಮರ ಹೆಸರು ಉಳಿದದ್ದು ಲಾವಣಿಯಲ್ಲಿ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಶಾಸನತಜ್ಞ ಜೆ.ಎಫ್. ಫ್ಲೀಟ್.

ಮುಂದಿನ ವರ್ಷ ನರಗುಂದದ ದೊರೆ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದುನಿಂತರು. ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದರು. ಬಾಬಾಸಾಹೇಬರನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಕಾಗದದಿಂದ ಹಿತ್ತಾಳೆಗೆ

ಕಾಗದದ ಕಾಡತೂಸು ಬಹಳ ಕಾಲ ಬಾಳಲಿಲ್ಲ. 1866ರಲ್ಲಿ ಬ್ರಿಟನ್ ಅದೇ ಎನ್‌ಫೀಲ್ಡ್ ಬಂದೂಕಿನ ಹಿಂಬದಿ ತೆರೆದು ಸ್ನೈಡರ್ ಬಂದೂಕು ಮಾಡಿತು. ಕರ್ನಲ್ ಬಾಕ್ಸರ್ ರೂಪಿಸಿದ ಹಿತ್ತಾಳೆ ಹಾಳೆಯ ಕಾಡತೂಸಿನಲ್ಲಿ ಕೇಪೂ ಬುಡದಲ್ಲೇ ಸೇರಿತು. 1869ರಲ್ಲಿ ಪುಣೆ ಬಳಿಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. 1871ರಲ್ಲಿ ಮಾರ್ಟಿನಿ-ಹೆನ್ರಿ ಬಂತು, ಆದರೆ ಭಾರತೀಯ ಸಿಪಾಯಿಗೆ ಸಿಗುತ್ತಿದ್ದುದು ಗೋರಾ ಸೈನಿಕನದಕ್ಕಿಂತ ಒಂದು ತಲೆಮಾರು ಹಳೆಯ ಬಂದೂಕು. 1857ರ ಅಂಜಿಕೆ ಅಷ್ಟು ಆಳವಾಗಿತ್ತು. 1890ರ ದಶಕದಲ್ಲಿ ಹೊಗೆ ಕಡಿಮೆಯ ಕಾರ್ಡೈಟ್ ಮದ್ದು ಬಳಕೆಗೆ ಬಂದು ಸೈನ್ಯದಲ್ಲಿ ಕರಿಮದ್ದಿನ ಕಾಲ ಮುಗಿಯಿತು. ಜನಸಾಮಾನ್ಯರ ಮೇಲೆ ಮಾತ್ರ 1878ರ ಶಸ್ತ್ರ ಕಾಯ್ದೆಯ ಪರವಾನಗಿ ಪದ್ಧತಿ ಉಳಿಯಿತು.

ಹಳೆಯ ಬಂದೂಕು ಮನೆಯಲ್ಲಿದ್ದರೆ

ಹಾನಗಲ್ಲ, ಸವಣೂರು ಕಡೆಯ ಯಾವುದಾದರೂ ಹಳೆಯ ವಾಡೆಯ ಅಟ್ಟದಲ್ಲಿ ಕೇಪಿನ ಬಂದೂಕು ಸಿಕ್ಕರೆ ಅದನ್ನು ಖಾಲಿ ಎಂದು ತಿಳಿಯಬೇಡಿ. ಒದ್ದೆಯಾಗದ ಕರಿಮದ್ದು ದಶಕಗಟ್ಟಲೆ ಕಳೆದರೂ ಸಿಡಿಯಬಲ್ಲದು. ಇಂದಿನ ಮದ್ದಿನ ಒತ್ತಡವನ್ನು ಆ ನಳಿಗೆಗಳು ತಾಳವು, ತುಂಬಿ ಹಾರಿಸಿದರೆ ಕೈಯಲ್ಲೇ ಸೀಳಬಹುದು. ಕುದುರೆ ಎಳೆಯದೆ, ಬೆಂಕಿಯಿಂದ ದೂರವಿಟ್ಟು, ಪೊಲೀಸ್ ಠಾಣೆಗೆ ತಿಳಿಸಿ. ಮನೆತನದ ನೆನಪನ್ನು ಉಳಿಸಬೇಕೆನಿಸಿದರೆ ಅದನ್ನು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವ ದಾರಿಯನ್ನೂ ಅಲ್ಲೇ ವಿಚಾರಿಸಿ.