ವಿದ್ಯುತ್ ಸೈಕಲ್ಲಿನ ಓಟ

ಸಂತೆಕಟ್ಟೆಯಿಂದ ಕಲ್ಯಾಣಪುರ, ನೇಜಾರುಗಳ ಮೇಲೆ ಕೆಮ್ಮಣ್ಣಿಗೆ ಹೋಗುವ ದಾರಿಯನ್ನು ಬಲ್ಲ ವಾಚಕರಿಗೆ ಅಲ್ಲಿನ ಅಪರಾಹ್ನದ ಗಾಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಗ್ಗೆ ಗರಿ ಅಲುಗದೆ ನಿಂತಿದ್ದ ತೆಂಗಿನ ತೋಟಗಳು ಊಟದ ಹೊತ್ತು ಕಳೆಯುತ್ತಲೇ ಸದ್ದು ಮಾಡತೊಡಗುತ್ತವೆ. ಪಡುವಣ ಕಡಲಿನಿಂದ ಹೊರಟ ಗಾಳಿ ಸುವರ್ಣಾ ನದಿಯ ಗುಂಟ ಒಳನಾಡಿಗೆ ನುಗ್ಗಿ ಬರುತ್ತದೆ. ಆ ಹೊತ್ತಿನಲ್ಲಿ ಸೈಕಲ್ ತುಳಿಯುವವರು ಕೆಮ್ಮಣ್ಣಿಗೆ ಹೋಗುವಾಗ ಬೆವರಿಳಿಸುತ್ತಾರೆ. ಬರುವಾಗ ಹಾಡು ಹೇಳುತ್ತ ಬರುತ್ತಾರೆ. ಈ ಲೇಖನವನ್ನು ಆ ಗಾಳಿಯಿಂದಲೇ ಆರಂಭಿಸುವುದಕ್ಕೆ ಕಾರಣ ಉಂಟು.

ನಮ್ಮ ನೆರೆಮನೆಯ ಹುಡುಗನೊಬ್ಬ ಮಣಿಪಾಲದಲ್ಲಿ ಓದುತ್ತಾನೆ. ಅವನ ತಂದೆ ಅವನಿಗೊಂದು ವಿದ್ಯುತ್ ಸೈಕಲ್ ತೆಗೆಸಿಕೊಟ್ಟರು. ತಿಂಗಳು ಕಳೆಯುವುದರೊಳಗೆ ಅವನು ಸಪ್ಪೆ ಮುಖ ಮಾಡಿಕೊಂಡು ನಮ್ಮ ಜಗಲಿಗೆ ಬಂದ. “ಮಾಸ್ಟ್ರೇ, ಇದು ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಓಡ್ತದೆ ಅಂತ ಅಂಗಡಿಯವರು ಹೇಳಿದ್ದು. ಸಾಯಂಕಾಲ ಕೆಮ್ಮಣ್ಣಿಗೆ ಹೋಗುವಾಗ ಇಪ್ಪತ್ತೊಂದರ ಮೇಲೆ ಹೋಗುವುದೇ ಇಲ್ಲ. ಒಳಗೆ ಒಂದು ಸಣ್ಣ ವಯರು ಉಂಟಂತೆ, ಅದನ್ನು ಕತ್ತರಿಸಿದರೆ ನಲವತ್ತೈದು ಓಡ್ತದಂತೆ. ಕತ್ತರಿಸಲಾ?” ಎಂದು ಕೇಳಿದ. ಅವನ ತಂದೆಯೂ ಹಿಂದೆಯೇ ಬಂದು ನಿಂತಿದ್ದರು. ಅವರ ಮುಖದಲ್ಲಿ ಬೇರೆಯೇ ಕಳವಳವಿತ್ತು. ಇಬ್ಬರನ್ನೂ ಕೂರಿಸಿ ಆ ದಿನ ನಾನು ಹೇಳಿದ್ದನ್ನೇ, ಕೊಂಚ ಕ್ರಮವಾಗಿ, ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ವಿದ್ಯುತ್ತಿನಿಂದ ಓಡುವ ಗಾಡಿ ಹೊಸತೆಂದು ನಾವೆಲ್ಲ ತಿಳಿದಿದ್ದೇವೆ. ಅದು ಪೆಟ್ರೋಲಿನ ಕಾರಿಗಿಂತ ಹಳೆಯದು. 1881ರಲ್ಲಿ ಗುಸ್ತಾವ್ ಟ್ರೂವೆ ಎಂಬ ಫ್ರೆಂಚ್ ಯಂತ್ರಶಿಲ್ಪಿ ಇಂಗ್ಲೆಂಡಿನಲ್ಲಿ ತಯಾರಾದ ಮೂರು ಚಕ್ರದ ಸೈಕಲ್ಲಿಗೆ ಸಣ್ಣ ಮೋಟಾರುಗಳನ್ನೂ ಸೀಸದ ಬ್ಯಾಟರಿಯನ್ನೂ ಜೋಡಿಸಿ ಪ್ಯಾರಿಸಿನ ಬೀದಿಯಲ್ಲಿ ಓಡಿಸಿದ. ಅದರ ವೇಗ ಗಂಟೆಗೆ ಸುಮಾರು 12 ಕಿ.ಮೀ. ನಮ್ಮ ಊರಿನ ಅಂಚೆಯವರು ತುಳಿದು ಹೋಗುವ ವೇಗಕ್ಕಿಂತ ಹೆಚ್ಚೇನೂ ಅಲ್ಲ. 1895ರ ಡಿಸೆಂಬರ್ 31ರಂದು ಅಮೆರಿಕದ ಓಹಾಯೋ ಪ್ರಾಂತದ ಆಗ್ಡನ್ ಬೋಲ್ಟನ್ ಎಂಬವನು ಎರಡು ಚಕ್ರದ ವಿದ್ಯುತ್ ಸೈಕಲ್ಲಿಗೆ ಪೇಟೆಂಟ್ ಪಡೆದ. ಮೋಟಾರನ್ನು ಅವನು ಹಿಂದಿನ ಚಕ್ರದ ಗುಂಬದೊಳಗೇ ಅಡಗಿಸಿದ್ದ. ನೆರೆಮನೆಯ ಹುಡುಗನ ಸೈಕಲ್ಲಿನಲ್ಲಿಯೂ ಮೋಟಾರು ಇರುವುದು ಅಲ್ಲಿಯೇ! ಬೋಲ್ಟನ್ನನ ಲೆಕ್ಕದಲ್ಲಿ ಬ್ಯಾಟರಿ 10 ವೋಲ್ಟಿನದು, ಮೋಟಾರು ಸೆಳೆಯಬಹುದಾದ ಪ್ರವಾಹ 100 ಆಂಪಿಯರ್. ಅಂದರೆ 1000 ವಾಟ್. ಇಂದು ನಮ್ಮ ಕಾಯಿದೆ ಸೈಕಲ್ಲಿಗೆ ಒಪ್ಪುವ ಶಕ್ತಿಯ ನಾಲ್ಕು ಪಾಲು.

ಅಲ್ಲಿಂದ ನಾಲ್ಕು ವರ್ಷ ತುಂಬುವ ಮೊದಲೇ, 1899ರ ಏಪ್ರಿಲಿನಲ್ಲಿ, ಬೆಲ್ಜಿಯಮ್ಮಿನ ಕಾಮಿಯ್ ಜೆನಾಟ್ಸಿ ಪ್ಯಾರಿಸಿನ ಬಳಿ ವಿದ್ಯುತ್ ಕಾರೊಂದನ್ನು ಗಂಟೆಗೆ 105 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡಿಸಿದ. ರಸ್ತೆಯ ಮೇಲೆ ಓಡುವ ಗಾಡಿಯೊಂದು ಗಂಟೆಗೆ 100 ಕಿಲೋಮೀಟರನ್ನು ದಾಟಿದ್ದು ಅದೇ ಮೊದಲು. ಅವನ ಗಾಡಿಯ ಮೈ ಟಾರ್ಪೆಡೊವಿನಂತೆ ಮೊನಚಾಗಿತ್ತು. ಗಾಳಿಯನ್ನು ಸೀಳಬೇಕೆಂಬುದು ಅವನಿಗೆ ಗೊತ್ತಿತ್ತು. ಆದರೆ ತಮಾಷೆ ನೋಡಿ, ಸವಾರ ಮಾತ್ರ ಆ ಮೊನಚು ಮೈಯ ಮೇಲೆ ಎದೆ ಕಾಣುವಂತೆ ನೆಟ್ಟಗೆ ಕುಳಿತಿದ್ದ! ವಿದ್ಯುತ್ತಿಗೆ ವೇಗ ಸಾಲದು ಎಂಬ ಮಾತು ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಸುಳ್ಳಾಯಿತು.

ಹಾಗಾದರೆ ಆಮೇಲೆ ಅದು ಹಿಂದೆ ಬಿದ್ದುದೇಕೆ? ಬ್ಯಾಟರಿಯ ಭಾರದಿಂದ. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ 30ರಿಂದ 40 ವಾಟ್-ಗಂಟೆಯಷ್ಟು ಶಕ್ತಿಯನ್ನು ಮಾತ್ರ ತುಂಬಬಹುದು. ಸೈಕಲ್ಲಿಗೆ ಹತ್ತು ಹನ್ನೆರಡು ಕಿಲೋ ಸೀಸ ಹೇರಿದರೆ ಅದು ಸೈಕಲ್ಲಾಗಿ ಉಳಿಯುವುದಿಲ್ಲ. 1980ರ ದಶಕದಲ್ಲಿ ನಿಯೋಡಿಮಿಯಮ್ ಎಂಬ ಧಾತುವಿನ ಬಲವಾದ ಅಯಸ್ಕಾಂತಗಳು ಬಂದು ಮೋಟಾರು ಚಿಕ್ಕದಾಯಿತು. 1991ರಲ್ಲಿ ಜಪಾನಿನ ಸೋನಿ ಕಂಪೆನಿ ಲಿಥಿಯಮ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇಂದಿನ ಅಂತಹ ಕೋಶಗಳಲ್ಲಿ ಕಿಲೋ ಒಂದಕ್ಕೆ 150ರಿಂದ 250 ವಾಟ್-ಗಂಟೆ ಹಿಡಿಯುತ್ತದೆ. 1993ರಲ್ಲಿ ಜಪಾನಿನ ಯಮಹಾದವರು, ಸವಾರ ಪೆಡಲು ತುಳಿದಾಗ ಮಾತ್ರ ಅದರ ಅಳತೆಗೆ ತಕ್ಕಂತೆ ಮೋಟಾರು ಕೈಗೂಡಿಸುವ ಸೈಕಲ್ಲನ್ನು ಮಾರಲು ತೊಡಗಿದರು. ಈಗಿನ ವಿದ್ಯುತ್ ಸೈಕಲ್ಲುಗಳ ಕುಲಕ್ಕೆ ಅದನ್ನು ಮೂಲಪುರುಷನೆನ್ನಬಹುದು.

ನಮ್ಮ ನಾಡೂ ಈ ಕಥೆಯಲ್ಲಿ ಹಿಂದಿಲ್ಲ. 2001ರಲ್ಲಿ ಬೆಂಗಳೂರಿನ ರೇವಾ ಎಂಬ ಪುಟ್ಟ ಕಾರು ಸೀಸದ ಬ್ಯಾಟರಿಗಳನ್ನೇ ಹೊತ್ತು ಗಂಟೆಗೆ 65 ಕಿ.ಮೀ. ಓಡಿತು. 2018ರಲ್ಲಿ ಬೆಂಗಳೂರಿನದೇ ಏಥರ್ ಸ್ಕೂಟರು 80ನ್ನು ಮುಟ್ಟಿತು. ಅದೇ ನಗರದ ಅಲ್ಟ್ರಾವಯಲೆಟ್ ಸಂಸ್ಥೆಯ 2024ರ ಮೋಟಾರ್ ಸೈಕಲ್ಲಿಗೆ ಗಂಟೆಗೆ 155 ಕಿ.ಮೀ. ವೇಗವುಂಟು. 2021ರ ನವೆಂಬರಿನಲ್ಲಿ ಇಟಲಿಯ ಮ್ಯಾಕ್ಸ್ ಬಿಯಾಜಿ ಅಮೆರಿಕದಲ್ಲಿ ವಿಮಾನದ ಓಟದ ಹಾದಿಯಂತಹ ಜಾಗದಲ್ಲಿ ವಿದ್ಯುತ್ ಮೋಟಾರ್ ಸೈಕಲ್ಲೊಂದನ್ನು 455 ಕಿಲೋಮೀಟರಿಗೂ ಮೀರಿ ಓಡಿಸಿ ದಾಖಲೆ ಮಾಡಿದ.

“ಮತ್ತೆ ನನ್ನದು ಯಾಕೆ ಇಪ್ಪತ್ತೊಂದು?” ಎಂದ ಹುಡುಗ. ನ್ಯಾಯವಾದ ಪ್ರಶ್ನೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ವಾಚಕರು ಬೇಸರಿಸಬಾರದು.

ಸವಾರನೂ ಸೈಕಲ್ಲೂ ಕೂಡಿ 95 ಕಿಲೋ ಎಂದಿಟ್ಟುಕೊಳ್ಳಿ. ಗಾಳಿ ಬೀಸದ ಸಮತಟ್ಟಾದ ಡಾಮರು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಹೋಗಬೇಕಾದರೆ ಚಕ್ರದ ಬಳಿ ಸುಮಾರು 170 ವಾಟ್ ಶಕ್ತಿ ಸಾಕು. ಅದರಲ್ಲಿ 50 ವಾಟ್ ಟಯರು ನೆಲಕ್ಕೆ ಒತ್ತಿ ಉರುಳುವುದಕ್ಕೆ ಹೋಗುತ್ತದೆ; ಉಳಿದುದೆಲ್ಲ ಗಾಳಿಯನ್ನು ದೂಡುವುದಕ್ಕೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಆದುದರಿಂದ 45 ಕಿ.ಮೀ. ವೇಗಕ್ಕೆ 300 ವಾಟ್ ಸಾಲದು, 770 ವಾಟಿನಷ್ಟು ಬೇಕು. 50ಕ್ಕೆ ಸಾವಿರ ವಾಟ್. ವೇಗ ಇಮ್ಮಡಿಯಾಗಲು ಶಕ್ತಿ ಆರು ಮಡಿ!

ಹುಡುಗನ ಮೋಟಾರು 250 ವಾಟಿನದು. ವಯರನ್ನು ಕತ್ತರಿಸಿದನೆಂದೇ ಇಟ್ಟುಕೊಳ್ಳೋಣ. ಸಮತಟ್ಟಿನಲ್ಲಿ, ಗಾಳಿಯಿಲ್ಲದಾಗ, ಆ 250 ವಾಟ್ ಅವನನ್ನು 29 ಅಥವಾ 30ರ ತನಕ ಒಯ್ಯುತ್ತದೆ, ಅಷ್ಟೆ. ಒಂದು ಗಂಟೆ ಕಾಲ ಆಯಾಸವಿಲ್ಲದೆ ತುಳಿಯಬಲ್ಲ ಸಾಮಾನ್ಯ ಮನುಷ್ಯನ ಕಾಲಿನಿಂದ ಬರುವ 75 ವಾಟನ್ನು ಕೂಡಿಸಿದರೆ 33. ನಲವತ್ತೈದೆಂಬುದು ಯಾರೋ ಹೇಳಿದ ಬಣ್ಣದ ಮಾತು. ಇನ್ನು ಕೆಮ್ಮಣ್ಣಿನ ದಾರಿ. ಗಂಟೆಗೆ 15 ಕಿ.ಮೀ. ವೇಗದ ಗಾಳಿ ಎದುರಾಯಿತೆಂದರೆ ಅದೇ 25 ಕಿ.ಮೀ. ಓಟಕ್ಕೆ 350 ವಾಟ್ ಬೇಕಾಗುತ್ತದೆ. 250 ವಾಟಿಗೆ ಸಿಕ್ಕುವುದು 21. ಅವನ ಮೀಟರು ತೋರಿಸಿದ್ದೂ ಅಷ್ಟೇ ತಾನೆ? ವಯರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ವಯರು ಕೆಲಸ ಮಾಡುವುದು 25ಕ್ಕೆ ಮುಟ್ಟಿದ ಮೇಲೆ. ಅದಕ್ಕಿಂತ ಮೊದಲೇ ಕಡಲ ಗಾಳಿ ಅವನನ್ನು ಹಿಡಿದು ನಿಲ್ಲಿಸಿದೆ.

ಏರಿನ ಕಥೆ ಬೇರೆ. ಅಂಬಾಗಿಲಿನಿಂದ ಪೆರಂಪಳ್ಳಿಯ ಮೇಲೆ ಮಣಿಪಾಲದ ಗುಡ್ಡ ಹತ್ತುವಾಗ ಗಾಳಿಯ ಪಾತ್ರ ಕಡಿಮೆ, ಭಾರದ ಪಾತ್ರ ಹೆಚ್ಚು. ನೂರು ಮೀಟರಿಗೆ ಆರು ಮೀಟರ್ ಏರುವ ಕಡೆ ಮೋಟಾರೊಂದೇ ಸವಾರನನ್ನು ಗಂಟೆಗೆ 13 ಕಿ.ಮೀ. ವೇಗದಲ್ಲಿ ಎಳೆಯುತ್ತದೆ. ಹಿಂದೆ 55 ಕಿಲೋದ ಗೆಳೆಯನೊಬ್ಬ ಕುಳಿತರೆ ಅದು 9ಕ್ಕೆ ಇಳಿಯುತ್ತದೆ. ಅದೇ ಗೆಳೆಯ ಸಮತಟ್ಟಿನಲ್ಲಿ ಕುಳಿತರೆ ಕಳೆದುಹೋಗುವುದು ಒಂದೂವರೆ ಕಿಲೋಮೀಟರ್ ಮಾತ್ರ! ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ. ಎಂ. ಎ. ಪೈಯವರು ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದರು. ತಮ್ಮ ಊರಿನ ಹುಡುಗರಿಗೆ ವಿದ್ಯೆಯ ಜೊತೆಗೆ ಈ ಏರನ್ನೂ ಅವರು ಕರುಣಿಸಿದರೆಂದು ನಾನು ನಗೆಯಾಡಿದೆ. ಹುಡುಗ ನಗಲಿಲ್ಲ, ತಂದೆ ನಕ್ಕರು.

ಬ್ಯಾಟರಿಯ ವಿಚಾರವಾಗಿಯೂ ಒಂದು ಮಾತು. ಮೋಟಾರು ತಿರುಗುತ್ತಿರುವಾಗ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ಅದು ಬ್ಯಾಟರಿಯ ವೋಲ್ಟೇಜಿಗೆ ಸಮನಾಗುತ್ತ ಬಂದಂತೆ ಮೋಟಾರಿಗೆ ಇನ್ನಷ್ಟು ಜೋರಾಗಿ ತಿರುಗಲು ತ್ರಾಣವಿರುವುದಿಲ್ಲ. 36 ವೋಲ್ಟಿನದೆಂದು ಹೆಸರಿರುವ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್ ಇರುತ್ತದೆ. ಬರಿದಾಗುತ್ತ ಬಂದಾಗ 30ರ ಆಸುಪಾಸಿಗೆ ಇಳಿಯುತ್ತದೆ. ಬೆಳಗ್ಗೆ ಚುರುಕಾಗಿದ್ದ ಸೈಕಲ್ ಸಂಜೆಗೆ ಮಂಕಾದಂತೆ ತೋರುವುದು ಇದರಿಂದ. ಶಾಖವೂ ಉಂಟು. ಆಗುಂಬೆ ಘಾಟಿಯಂತಹ ನೀಳವಾದ ಏರಿನಲ್ಲಿ ಮೆಲ್ಲಗೆ ತಿರುಗುವ ಮೋಟಾರು ನುಂಗಿದ ವಿದ್ಯುತ್ತಿನ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಒಳ್ಳೆಯ ಗಾಡಿಗಳಲ್ಲಿ ಆಗ ಪ್ರವಾಹವನ್ನು ತಾನಾಗಿಯೇ ತಗ್ಗಿಸುವ ವ್ಯವಸ್ಥೆಯಿದೆ. ಇಲ್ಲದ ಗಾಡಿಗಳಲ್ಲಿ ಸುರುಳಿ ಸುಡುತ್ತದೆ.

ಇಷ್ಟು ಹೊತ್ತು ಸುಮ್ಮನಿದ್ದ ತಂದೆ ಆಗ ಬಾಯಿ ತೆರೆದರು. “ವೇಗ ಹಾಗಿರಲಿ ಮಾಸ್ಟ್ರೇ, ಅದನ್ನು ಕತ್ತರಿಸಿದರೆ ತೊಂದರೆ ಏನಾದರೂ ಉಂಟೋ?”

ಉಂಟು. 25 ಕಿಲೋಮೀಟರ್ ಎಂಬುದು ಅಂಗಡಿಯವರ ಲೆಕ್ಕವಲ್ಲ, ಕಾಯಿದೆಯ ಗೆರೆ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪೆಡಲ್ ಸೈಕಲ್ಲಿಗೆ ಜೋಡಿಸಿದ ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆಯಿದ್ದು, ವೇಗ ಏರಿದಂತೆ ಅದರ ನೆರವು ಕಡಿಮೆಯಾಗುತ್ತ 25 ಕಿಲೋಮೀಟರಿಗೆ ಪೂರ್ತಿ ನಿಂತರೆ, ಅಂತಹುದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಯುರೋಪಿನವರೂ 2002ರಲ್ಲಿ ಹೆಚ್ಚು ಕಡಿಮೆ ಇದೇ ಗೆರೆಯನ್ನು ಎಳೆದರು. ಅಮೆರಿಕದವರು ಅದೇ ವರ್ಷ 750 ವಾಟ್, 20 ಮೈಲಿ ಎಂದು ಸ್ವಲ್ಪ ಧಾರಾಳವಾಗಿ ನಿಶ್ಚಯಿಸಿದರು. ಗೆರೆಯ ಈಚೆಗಿರುವವನಿಗೆ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ, ವಿಮೆ ಬೇಡ. ವಯರು ಕತ್ತರಿಸಿದೊಡನೆ ಅದೇ ಸೈಕಲ್ 1988ರ ಮೋಟಾರು ವಾಹನ ಕಾಯಿದೆಯ ಕಣ್ಣಿನಲ್ಲಿ ನಂಬರಿಲ್ಲದ, ವಿಮೆಯಿಲ್ಲದ ಮೋಟಾರು ಗಾಡಿಯಾಗುತ್ತದೆ. ಸಂತೆಕಟ್ಟೆಯಲ್ಲಿ ಹೆದ್ದಾರಿ ದಾಟುವ ಮುದುಕಿಯೊಬ್ಬರಿಗೆ ಅದು ತಾಗಿತೆನ್ನಿ, ಪರಿಹಾರ ಕೊಡಲು ವಿಮಾ ಕಂಪೆನಿ ಬರುವುದಿಲ್ಲ. ಮನೆ ಅಡವಿಟ್ಟಾದರೂ ಮಾಲಿಕರೇ ಕೊಡಬೇಕು. ಹುಡುಗನ ಸೈಕಲ್ಲಿನ ರಸೀದಿ ಇರುವುದು ತಂದೆಯ ಹೆಸರಿನಲ್ಲಿ.

ಮತ್ತೆ, ಸೈಕಲ್ಲಿನ ಬ್ರೇಕು ಸೈಕಲ್ಲಿಗಾಗಿ ಮಾಡಿದ್ದು. ದೊಡ್ಡ ಮೋಟಾರನ್ನೇ ಹಾಕಿಸಿ ನಿಜಕ್ಕೂ 45ರಲ್ಲಿ ಹೋದರೆ, ಬ್ರೇಕು ಹಿಡಿದ ಮೇಲೆ ನಿಲ್ಲುವುದಕ್ಕೆ 25ರಲ್ಲಿ ಹೋಗುವಾಗ ಬೇಕಾದುದಕ್ಕಿಂತ ಮೂರು ಪಾಲಿಗೂ ಹೆಚ್ಚು ದೂರ ಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಮ್ಮ ಕರಾವಳಿಯ ಆಷಾಢವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಗವೇ ಬೇಕಾದವರಿಗೆ 70, 80 ಓಡುವ ಸ್ಕೂಟರುಗಳು ನಂಬರು, ವಿಮೆ, ತಕ್ಕ ಬ್ರೇಕುಗಳ ಸಹಿತ ದೊರೆಯುತ್ತವೆ. ಸೈಕಲ್ಲನ್ನು ಸ್ಕೂಟರು ಮಾಡಲು ಹೋಗುವುದೇಕೆ?

ಹುಡುಗನಿಗೆ ಇದಿಷ್ಟೂ ರುಚಿಸಿತೆಂದು ನಾನು ಹೇಳಲಾರೆ. “ಹಾಗಾದರೆ ಮಾಡುವಂಥದ್ದು ಏನೂ ಇಲ್ಲವೇ?” ಎಂದು ಎದ್ದು ನಿಂತ. ಅಂಗಳಕ್ಕಿಳಿದು ಅವನ ಸೈಕಲ್ಲಿನ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹಣ್ಣಾದ ಚಿಕ್ಕುವಿನಂತೆ ಮೆತ್ತಗಿತ್ತು. ತಿಂಗಳಿನಿಂದ ಅದಕ್ಕೆ ಗಾಳಿ ಹಾಕಿಸಿರಲಿಲ್ಲ. ಟಯರಿನಲ್ಲಿ ಗಾಳಿ ಕಡಿಮೆಯಾಗಿ ನೆಲದ ತಡೆ ಇಮ್ಮಡಿಯಾದರೆ 25 ಕಿ.ಮೀ. ಓಟಕ್ಕೆ ಇನ್ನೂ 50 ವಾಟ್ ಹೆಚ್ಚು ಬೇಕಾಗುತ್ತದೆ, ಅಂದರೆ ಮೋಟಾರಿನ ಐದನೆಯ ಒಂದು ಪಾಲು ಅಲ್ಲಿಯೇ ಸೋರಿಹೋಗುತ್ತದೆ. ತಂದೆ ಮಗನ ಮುಖ ನೋಡಿದರು. ನಾನು ಒಳಗಿನಿಂದ ಪಂಪು ತರಲು ಹೋದೆ.