ಓದಿ ನೇಯುವ ರತ್ನಗಂಬಳಿ

ಕಾಶ್ಮೀರದ ರತ್ನಗಂಬಳಿ ಮಗ್ಗಕ್ಕೇರುವ ಮೊದಲು ಕಾಗದದ ಮೇಲೆ ಲಿಪಿಯಾಗಿರುತ್ತದೆ. ಆ ಲಿಪಿಯ ಹೆಸರು ತಾಲೀಮ್. ಗರಡಿಮನೆಯ ತಾಲೀಮು, ನಾಟಕದ ತಾಲೀಮು ಎನ್ನುವಾಗ ಕನ್ನಡಿಗರ ಬಾಯಲ್ಲಿ ಬರುವುದೂ ಇದೇ ಅರಬ್ಬಿ ಪದ. ಮೂಲದಲ್ಲಿ ಅದರ ಅರ್ಥ ಕಲಿಸುವಿಕೆ. ನಕ್ಕಾಶ್ ಎಂಬ ಚಿತ್ರಗಾರ ಬರೆದ ಚಿತ್ರವನ್ನು ತಾಲೀಮ್ ಗುರು ಸಾಲುಸಾಲಾಗಿ ಬಿಡಿಸಿ, ಬಣ್ಣಕ್ಕೊಂದು ಗುರುತು, ಗಂಟಿನ ಎಣಿಕೆಗೊಂದು ಗುರುತು ಹಾಕುತ್ತಾನೆ. ನೇಕಾರರ ಮುಂದೆ ಚಿತ್ರ ಇರುವುದಿಲ್ಲ. ಒಬ್ಬ ಚೀಟಿ ನೋಡಿ ‘ಎರಡು ಕೆಂಪು, ಒಂದು ಬಿಳಿ, ಮೂರು ಹಸಿರು’ ಎಂಬ ಧಾಟಿಯಲ್ಲಿ ಹೇಳುತ್ತ ಹೋದಂತೆ ಪಕ್ಕದವರ ಬೆರಳು ಓಡುತ್ತದೆ.

ನೆಟ್ಟಗೆ ಬಿಗಿದ ಹಾಸಿನ ಎರಡೆಳೆಗೆ ನೂಲು ಸುತ್ತಿ ಕತ್ತರಿಸಿದರೆ ಒಂದು ಗಂಟು. ಸಾಲು ಮುಗಿದಾಗ ಹೊಕ್ಕು ಹಾಯಿಸಿ, ಹಲ್ಲುಗಳಿರುವ ಪಂಜಾದಿಂದ ಬಡಿದು ಕೂರಿಸುತ್ತಾರೆ. ನವಲಗುಂದದ ಜಮಖಾನದಲ್ಲಿ ಈ ಗಂಟಿಲ್ಲ, ಅಲ್ಲಿ ಬಣ್ಣದ ಹೊಕ್ಕಿನಿಂದಲೇ ಚಿತ್ತಾರ ಮೂಡುತ್ತದೆ. ಚದರ ಅಂಗುಲಕ್ಕೆ 400 ಗಂಟಿನ ರೇಷ್ಮೆ ಕಂಬಳಿ 4 ಅಡಿ ಅಗಲ, 6 ಅಡಿ ಉದ್ದ ಇದ್ದರೂ 13,82,400 ಗಂಟು ಬೀಳಬೇಕು. ತಿಂಗಳುಗಟ್ಟಲೆ ಒಂದೇ ಮಗ್ಗಕ್ಕೆ ಕೂರುವ ಇಂಥ ಕೆಲಸ ಮನೆಯವರ ಪಾಲಿಗೆ ಬಂದದ್ದು ಸಹಜ.

ಕಸುಬನ್ನು ಕಣಿವೆಗೆ ತಂದವನು 1420ರಿಂದ 1470ರವರೆಗೆ ಆಳಿದ ಸುಲ್ತಾನ ಜೈನುಲ್ ಆಬಿದೀನ್ ಎಂಬುದು ರೂಢಿಯ ಮಾತು. ತಾಲೀಮ್ ಮಾತ್ರ ಶಾಲಿನ ಮಗ್ಗದಿಂದ ಬಂದದ್ದು. ಕಾನಿ ಎಂಬ ಕಾಶ್ಮೀರಿ ಶಾಲಿನ ನೇಕಾರರು ಇದನ್ನೇ ಓದುತ್ತಿದ್ದರು. 1870–71ರ ಫ್ರಾನ್ಸ್–ಪ್ರಷ್ಯ ಯುದ್ಧದಿಂದ ಫ್ರಾನ್ಸಿನಲ್ಲಿದ್ದ ಶಾಲಿನ ದೊಡ್ಡ ಮಾರುಕಟ್ಟೆ ಕುಸಿಯಿತು; ಬೆನ್ನಿಗೇ 1877ರಿಂದ 1879ರ ಬರಗಾಲ. ಅಳಿದುಳಿದ ಶಾಲು ನೇಕಾರರಲ್ಲಿ ಹಲವರು ಕಂಬಳಿಯ ಮಗ್ಗಕ್ಕೆ ಹೋದರು, ತಾಲೀಮ್ ಓದುವ ವಿದ್ಯೆಯೂ ಅವರೊಂದಿಗೆ ಹೋಯಿತು. ವಸ್ತು ಬದಲಾದರೂ ಮನೆತನದ ವಿದ್ಯೆ ಕೆಡಲಿಲ್ಲ.

ಮಕ್ಕಳು ಹಿರಿಯರ ಪಕ್ಕ ಕುಳಿತೇ ಕಲಿಯುತ್ತಿದ್ದರು. ಈ ಪರಂಪರೆಯನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೂ ಅದೇ: ಸಣ್ಣ ಬೆರಳು ಬೇಗ ಓಡುತ್ತದೆಂಬ ನೆಪದಲ್ಲಿ ಎಷ್ಟೋ ಮಕ್ಕಳ ಬಾಲ್ಯ ಮಗ್ಗದ ಮುಂದೆಯೇ ಕಳೆಯಿತು. 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಕಂಬಳಿ ನೇಯ್ಗೆಯೂ ಇತ್ತು, ಆದರೆ ಮನೆಯವರೇ ನಡೆಸುವ ಮಗ್ಗಕ್ಕೆ ವಿನಾಯಿತಿ ಕೊಟ್ಟಿತ್ತು. ಈಗ ದೊಡ್ಡವರಾದ ಮಕ್ಕಳು ಕೂಲಿ ಸಾಲದೆಂದು ಬೇರೆ ಕೆಲಸ ಹಿಡಿಯುತ್ತಿದ್ದಾರೆ.

ತಾಲೀಮ್ ಬರೆಯುವ ಕೆಲಸವನ್ನು ಕಂಪ್ಯೂಟರೂ ಮಾಡಬಲ್ಲದು. ಶ್ರೀನಗರದ ಭಾರತೀಯ ಕಾರ್ಪೆಟ್ ತಂತ್ರಜ್ಞಾನ ಸಂಸ್ಥೆ ಇದನ್ನು ಕಲಿಸುತ್ತದೆ. ಯಂತ್ರದ ಕಂಬಳಿಯನ್ನು ಕೈಗಂಟಿನದೆಂದು ಮಾರುವುದನ್ನು ತಡೆಯಲು ಕಾಶ್ಮೀರದ ಕಂಬಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಲಾಗಿದೆ. 2022ರಿಂದ ಆ ಮಾನ್ಯತೆಯ ಕಂಬಳಿಗೆ ಕ್ಯೂಆರ್ ಸಂಕೇತದ ಚೀಟಿ ಅಂಟಿಸುತ್ತಾರೆ; ಫೋನಿನಲ್ಲಿ ನೋಡಿದರೆ ನೇಯ್ದವರು ಯಾರು, ಯಾವ ಜಿಲ್ಲೆ, ಯಾವ ನೂಲು ಎಂಬುದು ಕೊಳ್ಳುವವರಿಗೆ ತಿಳಿಯುತ್ತದೆ.