ಬೀರು ಬಂತು, ಬಾಸುಂಡೆನೂ ಬಂತು

ಅಜ್ಜಂಪುರದ ಹತ್ರ ಇರೋ ನಮ್ಮ ತವರುಮನೇಲಿ ಒಂದು ಹಸಿರು ಬಣ್ಣದ ಕಬ್ಬಿಣದ ಬೀರು ಇದೆ. ದುಡ್ಡು ಕೊಟ್ಟು ತಂದಿದ್ದಲ್ಲ, ಯಾರ ಮದುವೇಲಿ ಬಂದಿದ್ದೂ ಅಲ್ಲ. ಇಪ್ಪತ್ತೈದು ವರ್ಷದ ಕೆಳಗೆ ನನ್ನ ತಮ್ಮನ ಜೋಡೆತ್ತು ಪಕ್ಕದೂರಿನ ಗಾಡಿ ಓಟದಲ್ಲಿ ಮೊದಲನೇದಾಗಿ ಬಂದು ಗೆದ್ದ ಬಹುಮಾನ ಅದು.

ಅವತ್ತಿನ ರಾತ್ರಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಮಗಳನ್ನ ಕರ್ಕೊಂಡು ತವರಿಗೆ ಬಂದಿದ್ದೆ. ಬೀರು ಟ್ರ್ಯಾಕ್ಟರ್ ಮೇಲೆ, ಎತ್ತುಗಳು ಮುಂದೆ, ಡೊಳ್ಳು, ಶಿಳ್ಳೆ, ಪಟಾಕಿ. ಅಮ್ಮ ಆರತಿ ತಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದ್ರು. ಎತ್ತಿನ ಹಣೆಗೆ ಕುಂಕುಮ ಇಟ್ಟು, ಬೆನ್ನು ಸವರಿದ್ರು ನೋಡಿ, ಕೈ ಅಲ್ಲೇ ನಿಂತೋಯ್ತು. ಬೆನ್ನ ತುಂಬಾ ಬಾಸುಂಡೆ. ಬಾಲದ ಹತ್ರ ಮೊಳೆ ಚುಚ್ಚಿದ ಗಾಯ. ಅಮ್ಮ ಜಾಸ್ತಿ ಮಾತಾಡೋರಲ್ಲ. "ಬೀರು ನಿಂಗೆ, ಬಾಸುಂಡೆ ಅದಕ್ಕೇನಪ್ಪಾ?" ಅಂತ ಒಂದೇ ಮಾತು ಕೇಳಿ ಒಳಗೆ ಹೋಗಿ ಅರಿಶಿನ, ಬೇವಿನೆಣ್ಣೆ ತಂದ್ರು. ಅಷ್ಟರಲ್ಲಿ ಯಾರೋ ಅಂಗಳದಲ್ಲೇ ಸರಪಟಾಕಿ ಹಚ್ಚಿದ್ರು. ಎಡಗಡೆ ಎತ್ತು ಬೆದರಿ ಹಗ್ಗ ಕಿತ್ಕೊಂಡು ಕತ್ತಲಲ್ಲಿ ಓಡ್ತು. ಬೆಳಗಿನ ಜಾವ ಕೆರೆ ಹಿಂದೆ ಸಿಕ್ತು. ಗೆದ್ದ ರಾತ್ರಿ ಮನೇಲಿ ಯಾರೂ ಮಲಗಲಿಲ್ಲ.

ಈಗ್ಯಾಕೆ ಇದು ಅಂದ್ರೆ, ತಮ್ಮನ ಮಗ ಒಂದು ಜೊತೆ ಹೋರಿ ಕಟ್ಟಿದ್ದಾನೆ. ಕಡೂರಿನ ಕಡೆ ಓಟ ಇದೆಯಂತೆ, ಮೊದಲ ಬಹುಮಾನ ಬೈಕಂತೆ. "ಅತ್ತೆ, ನೀನೇ ಅಪ್ಪಂಗೆ ಹೇಳು" ಅಂತ ಫೋನ್ ಮಾಡಿದ್ದ. ಹೂಂ ಅನ್ನೋ ಮುಂಚೆ ಸ್ವಲ್ಪ ಹಿಂದಿಂದು ಯೋಚನೆ ಮಾಡೋಣ ಅನ್ನಿಸ್ತು.

ನಮ್ಮ ಸೀಮೆ ದನಕ್ಕೂ ಓಟಕ್ಕೂ ಇರೋ ನಂಟು ಇವತ್ತಿಂದಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ನೀವೆಲ್ಲ ಬಸ್ಸಲ್ಲಿ ಹೋಗ್ತಾ ನೋಡೇ ಇರ್ತೀರ. ಮೈಸೂರು ದೊರೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ 'ಬೆಣ್ಣೆ ಚಾವಡಿ' ಅಂತಿದ್ರು. ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆ. ಟಿಪ್ಪು ಕಾಲದಲ್ಲಿ ಅಮೃತಮಹಲ್ ಅನ್ನೋ ಹೆಸರು ಬಂತು. ಹೆಸರಲ್ಲಿ ಬೆಣ್ಣೆ ಅಮೃತ ಇದ್ರೂ ಈ ಹಸುಗಳ ಹಾಲು ಕಮ್ಮಿ, ಹೋರಿಗಳ ಕಾಲು ಮಾತ್ರ ಗಾಳಿ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಅಂತ ಮೂರು ಕಡೆಯ ದನ ಸೇರಿ ಆದ ತಳಿ. ಚಿದಂಬರದ ಕಡೆ ಯುದ್ಧಕ್ಕೆ ಹೊರಟ ಹೈದರಾಲಿ ಸೈನ್ಯ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ದಾಟಿತ್ತು ಅಂತ ಹಳೇ ದಾಖಲೆಗಳು ಹೇಳ್ತವೆ. ಫಿರಂಗಿ ಎಳೆದಿದ್ದೂ ಇವೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಯೆಲ್ಲ ಇಂಗ್ಲಿಷರ ಕೈಗೆ ಹೋಯ್ತು. 1860ರಲ್ಲಿ ಖರ್ಚು ಜಾಸ್ತಿ ಅಂತ ಮಂದೆ ಮಾರಿ ಚದುರಿಸಿದ್ರು. ಆಮೇಲೆ ಸೈನ್ಯದ ಗಾಡಿಗೆ ಒಳ್ಳೆ ಎತ್ತು ಸಿಗದೆ, ಕೆಲವೇ ವರ್ಷದಲ್ಲಿ ಮತ್ತೆ ಕೂಡಿಸಿ ಕಟ್ಟಿದ್ರು. ಇವು ಮೇಯೋಕೆ ಅಂತ ಬಿಟ್ಟ ಹುಲ್ಲುಗಾವಲೇ ನಮ್ಮ ಕಾವಲುಗಳು. ಕಡೂರು ತಾಲ್ಲೂಕಿನ ಬಾಸೂರು ಕಾವಲಲ್ಲಿ ಈಗ ಕೃಷ್ಣಮೃಗಗಳೂ ಇವೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆದಾಗ ಎಲ್ಲೆಲ್ಲಿಂದಲೋ ರೈತರು ಬರ್ತಾರೆ. ಅಂದ್ರೆ ನಮ್ಮೂರ ಎತ್ತು ಮೊದಲು ಓಡಿದ್ದು ರಾಜರ ಕೆಲಸಕ್ಕೆ. ಆಗ ಅದಕ್ಕೆ ಬಹುಮಾನ ಅಂದ್ರೆ ಮೇವು, ನೀರು, ಕಾವಲು.

ಆಮೇಲೆ ದೇವರ ಕೆಲಸಕ್ಕೆ ಓಡ್ತು. ಅಂತರಘಟ್ಟಮ್ಮನ ಜಾತ್ರೆ ಗೊತ್ತಲ್ಲ, ಫೆಬ್ರುವರಿ ಸುಮಾರಿಗೆ ಆಗೋದು. ತರೀಕೆರೆ, ಭದ್ರಾವತಿ, ಶಿವಮೊಗ್ಗ ಕಡೆಯಿಂದ ಪಾನಕದ ಗಾಡಿಗಳು ಸಾಲುಗಟ್ಟಿ ಬರ್ತವೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಜೂಲು. ದಾರೀಲಿ ಒಂದು ಗಾಡಿ ಇನ್ನೊಂದನ್ನ ಹಿಂದೆ ಹಾಕಿದ್ರೆ ಮುಗೀತು, ಅಲ್ಲೇ ಪಂದ್ಯ ಶುರು. ನಾವು ಚಿಕ್ಕೋರಿದ್ದಾಗ ಅದಕ್ಕೆ ಯಾರೂ ಕಪ್ಪು ಕೊಟ್ಟಿದ್ದು ನಾನು ನೋಡಿಲ್ಲ. "ನಮ್ಮ ಗಾಡಿ ಮುಂದೆ ಬಂತು" ಅಂತ ವರ್ಷವೆಲ್ಲ ಹೇಳ್ಕೊಳ್ಳೋದೇ ಬಹುಮಾನ. ಹಾಗಂತ ಆಗ ಎಲ್ಲ ಚೆನ್ನಾಗಿತ್ತು ಅಂತಲೂ ಹೇಳಲ್ಲ. ಗಾಡಿ ಉರುಳಿ ಕೈಕಾಲು ಮುರ್ಕೊಂಡೋರು ಆಗಲೂ ಇದ್ರು.

ಬಹುಮಾನ ದೊಡ್ಡದಾಗ್ತಾ ಬಂದಿದ್ದು ನಮ್ಮ ಕಣ್ಣೆದುರಿಗೇ. ಹಿತ್ತಾಳೆ ಬಿಂದಿಗೆ, ಬೆಳ್ಳಿ ದೀಪ, ಆಮೇಲೆ ಬೀರು, ಟಿವಿ, ಫ್ರಿಜ್ಜು, ಬಂಗಾರ, ಈಗ ಬೈಕು. ಕರಾವಳಿಯ ಕಂಬಳದಲ್ಲೂ ಇದೇ ಕಥೆ. ಹಿಂದೆ ಗೆದ್ದ ಕೋಣಕ್ಕೆ ಎಳನೀರು, ಬಾಳೆಗೊನೆ ಕೊಡ್ತಿದ್ರಂತೆ. ಈಗ ಚಿನ್ನದ ಪದಕ. ಕಂಬಳದಲ್ಲಿ ನನಗೆ ಇಷ್ಟ ಆಗೋದು ಕನೆಹಲಗೆ ಅನ್ನೋ ವಿಭಾಗ. ಅಲ್ಲಿ ಯಾರು ಮೊದಲು ಮುಟ್ಟಿದ್ರು ಅಂತ ನೋಡಲ್ಲ, ಕೋಣ ಓಡಿದಾಗ ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗಬೇಕು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅನ್ನೋ ಹುಡುಗ 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿ ದೇಶಕ್ಕೆಲ್ಲ ಹೆಸರಾದ. ಉಸೇನ್ ಬೋಲ್ಟ್‌ಗೆ ಹೋಲಿಸಿ ಎಲ್ಲರೂ ಹೊಗಳಿದಾಗ ಅವನು ಮಾತ್ರ ಇದರಲ್ಲಿ ನನ್ನ ಕೋಣಗಳ ಪಾಲೂ ಇದೆ ಅಂದ. ಆ ಮಾತು ಕೇಳಿ ನನಗೆ ಅಮ್ಮನ ನೆನಪಾಯ್ತು.

ಬಹುಮಾನದ ಹುಚ್ಚು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ನ್ಯಾಸ್ಕಾರ್ ಅಂತ ಕಾರು ಓಟ ಇದೆ, ಮಗಳು ಮೊಬೈಲಲ್ಲಿ ತೋರಿಸಿದ್ಲು. ಮಾರ್ಟಿನ್ಸ್‌ವಿಲ್ ಅನ್ನೋ ಊರಲ್ಲಿ ಗೆದ್ದೋರಿಗೆ 1964ರಿಂದ ಆಳೆತ್ತರದ ಲೋಲಕದ ಗಡಿಯಾರ ಕೊಡ್ತಾರೆ. ಆ ಸೀಮೇಲೇ ತಯಾರಾಗ್ತಿದ್ದ ಗಡಿಯಾರ ಅದು, ನಮ್ಮ ಬೀರು ಇದ್ದ ಹಾಗೆ ಮನೆಗೆ ಬಂದು ನಿಲ್ಲೋ ವಸ್ತು. ಇನ್ನೊಂದು ಕಡೆ ಜೀವಂತ ಸಮುದ್ರ ಸೀಗಡಿ, ದೊಡ್ಡದು, ಎರಡೂ ಕೈಲಿ ಎತ್ತಿ ಹಿಡೀಬೇಕು. ನ್ಯಾಶ್‌ವಿಲ್ ಸಂಗೀತದ ಊರಾದ್ದರಿಂದ ಅಲ್ಲಿ ಗಿಟಾರು. 2009ರಲ್ಲಿ ಕೈಲ್ ಬುಷ್ ಅನ್ನೋನು ಗೆದ್ದು, ಒಬ್ಬ ಕಲಾವಿದ ಕೈಯಾರೆ ಬಣ್ಣ ಬರೆದಿದ್ದ ಆ ಗಿಟಾರನ್ನ ಎಲ್ಲರೆದುರಿಗೆ ನೆಲಕ್ಕೆ ಅಪ್ಪಳಿಸಿಬಿಟ್ಟ. ತಂಡದೋರಿಗೆಲ್ಲ ಒಂದೊಂದು ಚೂರು ಹಂಚೋಕೆ ಅಂತ ಹೇಳಿದ, ಆದ್ರೂ ಜನ ಬೈದ್ರು. ರಾಸ್ ಚಾಸ್ಟೇನ್ ಅನ್ನೋನು ಕಲ್ಲಂಗಡಿ ಬೆಳೆಯೋ ರೈತರ ಮನೆಯವನು. ಗೆದ್ದಾಗೆಲ್ಲ ಕಾರಿನ ಮೇಲಿಂದ ಒಂದು ಕಲ್ಲಂಗಡಿ ನೆಲಕ್ಕೆ ಹಾಕಿ ಒಡೀತಾನೆ. ಬೆಳೆದೋರೇ ಒಡೆಯೋದಲ್ವಾ, ನಾವು ದೃಷ್ಟಿ ತೆಗೆದು ಕುಂಬಳಕಾಯಿ ಒಡೆದ ಹಾಗೆ, ಅದು ನನಗೆ ತಪ್ಪು ಅನ್ನಿಸಲಿಲ್ಲ. ಗಿಟಾರು ಒಡೆದಿದ್ದು ಮಾತ್ರ ಬೇಜಾರಾಯ್ತು, ಅದನ್ನ ಮಾಡಿದ ಕೈ ಬೇರೆಯವರದು. ಆದ್ರೆ ಒಂದು ಮಾತಿದೆ. ಕಾರಿಗೆ ನೋವಾಗಲ್ಲ, ಗಿಟಾರು ಅಳಲ್ಲ.

ಎತ್ತಿಗೆ ನೋವಾಗತ್ತೆ ಅನ್ನೋದಕ್ಕೇ 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಗಾಡಿ ಓಟ ಎರಡನ್ನೂ ನಿಲ್ಲಿಸಿದ್ದು. ಆಗ ನಮ್ಮ ತಮ್ಮ ಊಟ ಬಿಟ್ಟು ಕೂತಿದ್ದ. 2017ರಲ್ಲಿ ನಮ್ಮ ಸರ್ಕಾರ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡೋ ತಿದ್ದುಪಡಿ ತಂತು, 2018ರಲ್ಲಿ ರಾಷ್ಟ್ರಪತಿ ಒಪ್ಪಿಗೆ ಸಿಕ್ತು. 2023ರ ಮೇ 18ಕ್ಕೆ ಐದು ಜನ ನ್ಯಾಯಾಧೀಶರ ಪೀಠ ಅದನ್ನ ಎತ್ತಿ ಹಿಡೀತು. ಗಂಡಸರು "ಗೆದ್ವಿ" ಅಂತ ಪಟಾಕಿ ಹೊಡೆದ್ರು. ಅದೇ ಕಾನೂನಲ್ಲಿ ಪ್ರಾಣಿಗೆ ಅನಗತ್ಯ ನೋವು, ಹಿಂಸೆ ಕೊಡಬಾರದು ಅನ್ನೋ ಷರತ್ತೂ ಇದೆ. ಅದನ್ನ ಮಾತ್ರ ಯಾರೂ ಮೈಕಲ್ಲಿ ಕೂಗಲಿಲ್ಲ.

ಓಟವೇ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ ಕಣ್ರೀ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕೋರು ಯಾರಿದ್ದಾರೆ? ಓಟದ ಆಸೆಗಾದ್ರೂ ನಮ್ಮ ಕಡೆ ನಾಲ್ಕು ಮನೆ ಕೊಟ್ಟಿಗೇಲಿ ಹೋರಿ ಉಳಿದಿವೆ. ಹುರುಳಿ ಬೇಯಿಸೋದು, ಹಿಂಡಿ ನೆನೆಸೋದು, ಮೈ ತೊಳೆಯೋದು ನಮ್ಮ ಅತ್ತಿಗೆಯಂಥ ಹೆಂಗಸರು. ಅವರಿಗೂ ಆ ಹೋರಿ ಅಂದ್ರೆ ಜೀವ. ಆದ್ರೆ ಬಹುಮಾನ ಬಾಳೆಗೊನೆ ಆಗಿದ್ದಾಗ ಬಾರುಕೋಲು ಇಷ್ಟು ಜೋರಾಗಿ ಬೀಳ್ತಿರಲಿಲ್ಲವೇನೋ. ಬೈಕು ಕಣ್ಣೆದುರು ನಿಂತ್ರೆ ಕೈ ತಡೆಯೋದು ಕಷ್ಟ.

ಕೊನೆಗೆ ತಮ್ಮನ ಮಗನಿಗೆ ಫೋನ್ ಮಾಡಿ ಹೇಳಿದೆ. "ಅಪ್ಪನ ಹತ್ರ ನಾನು ಮಾತಾಡ್ತೀನಿ. ಆದ್ರೆ ಮೊಳೆ ಹಾಕಿದ ಕೋಲು ಮುಟ್ಟಕೂಡದು. ಗೆದ್ದು ಬಂದ್ರೂ ಅಂಗಳದಲ್ಲಿ ಪಟಾಕಿ ಹೊಡೀಕೂಡದು. ಮೊದಲು ಅದಕ್ಕೆ ನೀರು, ಹುರುಳಿ, ಆಮೇಲೆ ನಿನಗೆ ಹಾರ."

"ಎಲ್ಲರೂ ಚುಚ್ಚುವಾಗ ನಾನೊಬ್ಬ ಬಿಟ್ರೆ ಗೆಲ್ಲೋದು ಹೆಂಗತ್ತೆ?" ಅಂದ.

"ಗೆಲ್ಲದಿದ್ರೆ ಬೇಡ ಬಿಡು ಮಗ, ಬೀರು ಮನೇಲಿ ಇದ್ದೇ ಇದೆ" ಅಂದೆ.

ನೋಡಣ ಅಂದಿದ್ದಾನೆ. ನಾನೂ ಓಟದ ದಿನ ಹೋಗಿ, ಅವನು ಬಂದ ಮೇಲೆ ಮೊದಲು ಹೋರಿ ಬೆನ್ನೇ ಸವರಿ ನೋಡೋಳು.